ದಿಯು ದ್ವೀಪದಲ್ಲಿ ಮೂರು ದಿನ: ಬೀಚ್ ಬಿಟ್ಟು ನಾವು ನೋಡಿದ್ದು

ಸೋಮನಾಥಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿಂದ ದ್ವಾರಕೆಗೋ ಗಿರ್ ಕಾಡಿಗೋ ಹೊರಡುತ್ತಾರೆ. ಕಳೆದ ಚಳಿಗಾಲದಲ್ಲಿ ನಾನೂ ಅಮ್ಮನೂ ಪೂರ್ವದ ಕಡೆ ಹೊರಟೆವು. ಊನಾ ದಾಟಿ, ಒಂದು ಸೇತುವೆ ಹತ್ತಿ ಇಳಿದರೆ ದಿಯು. ತುದಿಯಿಂದ ತುದಿಗೆ ಸುಮಾರು 11-12 ಕಿಲೋಮೀಟರ್, ಅಷ್ಟೇ. 1961ರ ಡಿಸೆಂಬರ್ 19ರಂದು ಗೋವಾ ಜೊತೆಗೇ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದ ಜಾಗ ಇದು.

ಗುಜರಾತಿನಲ್ಲಿ ಪಾನನಿಷೇಧ, ಇಲ್ಲಿ ಇಲ್ಲ. ಹಾಗಾಗಿ ಜನ ಜಾಸ್ತಿ. ಆದರೆ ಆ ಜನವೆಲ್ಲ ನಾಗೋವಾ ಬೀಚ್ ಮತ್ತು ಕೋಟೆ ಬಿಟ್ಟು ಹೆಚ್ಚು ಅಲುಗಾಡುವುದಿಲ್ಲ. ಕೋಟೆ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಅದನ್ನು ಮೊದಲ ದಿನ ಬೆಳಿಗ್ಗೆಯೇ ಮುಗಿಸಿ, ಒಂದು ಸ್ಕೂಟರ್ ಬಾಡಿಗೆಗೆ ಹಿಡಿದೆವು.

ಮೊದಲು ಹೋದದ್ದು ಫುದಂ ಹಳ್ಳಿಯ ಗಂಗೇಶ್ವರಕ್ಕೆ. ಸಮುದ್ರದ ಬಂಡೆಗಳ ನಡುವೆ ಐದು ಶಿವಲಿಂಗಗಳು. ಪಾಂಡವರು ಪೂಜಿಸಿದ್ದು ಅಂತ ನಂಬಿಕೆ. ಮಟಮಟ ಮಧ್ಯಾಹ್ನ ತಲುಪಿದೆವು. ನೀರು ದೂರ ಸರಿದಿತ್ತು. ಒಣಗಿದ ಬಂಡೆ, ಫೋಟೋಗೆ ನಿಂತ ಜನ. ಅಮ್ಮನ ಮುಖ ಸ್ವಲ್ಪ ಬಾಡಿತು. ಮೆಟ್ಟಿಲ ಮೇಲೆ ಹೂವು ಮಾರುತ್ತಿದ್ದ ಹೆಂಗಸು ಅದನ್ನು ಗಮನಿಸಿರಬೇಕು. "ಬಾ, ಭರತಿ ಹೊತ್ತಿಗೆ ಬನ್ನಿ" ಅಂದಳು. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ. ಭರತಿ ಏನು ಅಂತ ನಾನು ಯೋಚಿಸುವಷ್ಟರಲ್ಲಿ ಅಮ್ಮನಿಗೆ ಅರ್ಥವಾಗಿತ್ತು. ನಮ್ಮ ಕರಾವಳಿಯಲ್ಲೂ ಸಮುದ್ರದ ಉಬ್ಬರಕ್ಕೆ ಭರತ ಅಂತಲೇ ಹೇಳುವುದಲ್ವಾ!

ಅಲ್ಲಿಂದ ಮುಂದೆ ನಮ್ಮ ತಿರುಗಾಟವೆಲ್ಲ ಭರತ, ಇಳಿತ, ಬಿಸಿಲು ನೋಡಿಕೊಂಡೇ ಆಯಿತು. ಮೊಬೈಲಿನಲ್ಲಿ ಭರತದ ಸಮಯ ಸಿಗುತ್ತದೆ. ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿ ದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ. ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಹೋದೆವು. ಅಲೆ ಬಂಡೆಯ ಸಂದಿಯಿಂದ ನುಗ್ಗಿ, ಐದೂ ಲಿಂಗಗಳನ್ನು ಮುಳುಗಿಸಿ, ಒಂದು ಕ್ಷಣ ನಿಂತು ಹಿಂದೆ ಸರಿಯುತ್ತಿತ್ತು. ಅಮ್ಮ ಇಟ್ಟ ಚೆಂಡುಹೂವು ಎರಡನೇ ಅಲೆಗೇ ಹೊರಟುಹೋಯಿತು. ಅಮ್ಮ ಕೈಮುಗಿದುಕೊಂಡು ಅದನ್ನೇ ನೋಡುತ್ತಾ ನಿಂತಳು. ಬಂಡೆ ಜಾರುತ್ತದೆ, ವಯಸ್ಸಾದವರ ಕೈ ಬಿಡಬೇಡಿ.

ನಾಯ್ಡಾ ಗುಹೆಗಳಿಗೆ ಮಾತ್ರ ಮಧ್ಯಾಹ್ನವೇ ಸರಿ. ಹೆಸರು ಗುಹೆ, ನಿಜವಾಗಿ ಅದು ಹಳೇ ಕಲ್ಲುಕೋರೆ. ಕೋಟೆಗೂ ಊರಿಗೂ ಇಲ್ಲಿಂದಲೇ ಕಲ್ಲು ಕಡಿದರು ಅನ್ನುತ್ತಾರೆ. ನಮ್ಮ ಕಡೆ ಮುರಕಲ್ಲು ಕಡಿದ ಮೇಲೆ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಉಳಿಯುತ್ತದಲ್ಲ, ಇಲ್ಲೂ ಹಾಗೇ. ಕಲ್ಲಿನ ಬಣ್ಣ ಮಾತ್ರ ಕೆಂಪಲ್ಲ, ಹಳದಿ. ಒಂದು ಗೋಡೆಗೆ ಬೆರಳಿಟ್ಟೆ. ಉಳಿಯ ಏಟು ಒಂದೊಂದೂ ಸಿಗುತ್ತಿತ್ತು, ಎಲ್ಲ ಒಂದೇ ಕಡೆಗೆ ವಾಲಿದ್ದವು. ಮೇಲೆ ಚಾವಣಿ ತೂತಾಗಿದೆ. ಅದರಿಂದ ಮರದ ಬೇರು ಕೆಳಗಿಳಿದಿದೆ, ಜೊತೆಗೆ ಬಿಸಿಲೂ ಕೋಲಿನಂತೆ ಇಳಿಯುತ್ತದೆ. ಹನ್ನೊಂದೂವರೆಯಿಂದ ಒಂದು ಗಂಟೆ ನಾವು ಅಲ್ಲೇ ಕೂತಿದ್ದೆವು. ಬೆಳಕು ಗೋಡೆಯಿಂದ ನೆಲಕ್ಕೆ ಸರಿಯುವುದನ್ನು ಸುಮ್ನೆ ನೋಡುತ್ತಾ.

ಸಂಜೆ ಚಕ್ರತೀರ್ಥದ ಗುಡ್ಡಕ್ಕೆ ಹೋದೆವು, ಖುಕ್ರಿ ಸ್ಮಾರಕಕ್ಕೆ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1971ರ ಡಿಸೆಂಬರ್ 9ರಂದು, ಈ ಸಮುದ್ರದಲ್ಲೇ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಗಾಜಿನೊಳಗೆ ಹಡಗಿನ ಪುಟ್ಟ ಮಾದರಿ ಇಟ್ಟಿದ್ದಾರೆ. ಸೂರ್ಯಾಸ್ತ ನೋಡಲು ಬಂದವರಲ್ಲಿ ಅದರ ಮುಂದೆ ನಿಂತವರು ಕಡಿಮೆ. ನೀವು ಹೋದರೆ ದಯವಿಟ್ಟು ಎರಡು ನಿಮಿಷ ನಿಲ್ಲಿ.

ದಾರಿಯುದ್ದಕ್ಕೂ ಹೋಕಾ ಮರಗಳು. ತಾಳೆ ಜಾತಿಯದೇ, ಆದರೆ ಕಾಂಡ ಕವಲೊಡೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ. ಹಳ್ಳಿಗಳಲ್ಲಿ ಬಣ್ಣ ಹೊಡೆದ ಚೆಂದದ ಮನೆಗಳು, ಎಷ್ಟೋ ಕಡೆ ಬೀಗ. ಇಲ್ಲಿನವರು ಹಿಂದೆ ಮೊಜಾಂಬಿಕ್‌ಗೆ ದುಡಿಯಲು ಹೋಗುತ್ತಿದ್ದರು. ಈಗ ಪೋರ್ಚುಗಲ್‌ಗೆ, ಇಂಗ್ಲೆಂಡಿಗೆ.

ಕೊನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ವಣಾಕ್‌ಬಾರಾಕ್ಕೆ ಹೋದೆವು. ದ್ವೀಪದ ಪಶ್ಚಿಮ ತುದಿಯ ಮೀನುಗಾರರ ಊರು. ಒಣಮೀನಿನ ವಾಸನೆ ಒಂದು ಕಿಲೋಮೀಟರ್ ಮೊದಲೇ ದಾರಿ ತೋರಿಸುತ್ತದೆ. ದಡದಲ್ಲಿ ಮರದ ದೋಣಿ ಕಟ್ಟುತ್ತಿದ್ದರು. ಹಲಗೆ ಹೊಡೆಯದ ದೋಣಿಯ ಪಕ್ಕೆಲುಬುಗಳು ಮನೆಗಿಂತ ಎತ್ತರ ನಿಂತಿದ್ದವು. ಪಕ್ಕದ ದೋಣಿಯಲ್ಲಿ ಒಬ್ಬ ಹುಡುಗ ಹಲಗೆಗಳ ಸಂದಿಗೆ ಹತ್ತಿಯ ಹುರಿ ಇಟ್ಟು, ಉಳಿಯಿಂದ ಟಕ ಟಕ ಅಂತ ತುರುಕುತ್ತಿದ್ದ. ನೀರು ನುಗ್ಗದಿರಲು. ಅಮ್ಮ ಹತ್ತಿರ ಹೋದಾಗ ಹುರಿಯ ಒಂದು ತುಂಡು ಕೈಗೆ ಕೊಟ್ಟ.

ಎಂಟು ದಾಟುವಷ್ಟರಲ್ಲಿ ಅಮ್ಮ ಅವಸರ ಮಾಡಿದಳು. "ನಿನ್ನೆಗಿಂತ ಐವತ್ತು ನಿಮಿಷ ಅಂದ್ಯಲ್ಲ? ಈಗ ಹೊರಟರೆ ನೀರು ಇನ್ನೂ ಇರುತ್ತದೆ." ನಾವು ಫುದಂ ತಲುಪಿದಾಗ ಮೂರು ಲಿಂಗ ನೀರಿನಿಂದ ಹೊರಗೆ ಬಂದಿದ್ದವು. ಉಳಿದ ಎರಡರ ಮೇಲೆ ಅಲೆ ಇನ್ನೂ ಆಡುತ್ತಿತ್ತು.