ತಟ್ಟೆ ತೂಗಿಸಿ ಉಣ್ಣಿ: ಸಾವೊ ಪಾಲೊದ ‘ಕಿಲೋ’ ಊಟ ಹೇಗೆ?

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕಚೇರಿ ನೌಕರರು ಮಧ್ಯಾಹ್ನ ಹುಡುಕಿಕೊಂಡು ಹೋಗುವುದು ‘ಪೊರ್ ಕಿಲೊ’ ಹೋಟೆಲ್‌ಗಳನ್ನು. ಬೇಕಾದ್ದನ್ನು ತಾವೇ ಬಡಿಸಿಕೊಂಡು, ತಟ್ಟೆಯನ್ನು ತೂಗಿಸಿ, ತೂಕಕ್ಕೆ ತಕ್ಕ ಹಣ ಕೊಡುವ ಪದ್ಧತಿ ಇದು. ಚೀನೀ ಮೂಲದವರು ನಡೆಸುವ ಕಿಲೋ ಹೋಟೆಲ್‌ಗಳೂ ಇವೆ. ಅಂಥ ಕಡೆ ಒಂದೇ ಸಾಲಿನಲ್ಲಿ ಅನ್ನ, ಬೀನ್ಸ್ ಕಾಳಿನ ಸಾರು, ಸುಟ್ಟ ಮಾಂಸ; ಅದರ ಪಕ್ಕದಲ್ಲೇ ಸ್ಪ್ರಿಂಗ್ ರೋಲ್, ನೂಡಲ್ಸ್. ಹಸಿದ ಹೊಟ್ಟೆಯಲ್ಲಿ ಎಲ್ಲವನ್ನೂ ಪೇರಿಸಿಕೊಂಡರೆ ಜೇಬಿಗೂ ನಷ್ಟ, ನಾಲಿಗೆಗೂ ನಷ್ಟ.

ಒಳಗೆ ಹೋಗುವಾಗ ‘ಕೊಮಾಂಡಾ’ ಎಂಬ ಚೀಟಿಯನ್ನೋ ಕಾರ್ಡನ್ನೋ ಕೊಡುತ್ತಾರೆ. ನಿಮ್ಮ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ, ಜೋಪಾನ. ಹನ್ನೆರಡೂವರೆಯಿಂದ ಒಂದೂವರೆಯವರೆಗೆ ನೂಕುನುಗ್ಗಲು. ಸ್ವಲ್ಪ ಮೊದಲೇ ಹೋದರೆ ತಿನಿಸು ಬಿಸಿಯಾಗಿರುತ್ತದೆ, ಜಾಗವೂ ಸಿಗುತ್ತದೆ.

ತಟ್ಟೆ ಹಿಡಿಯುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಸಾಲಿನ ಆರಂಭದಲ್ಲಿ ಸಾಮಾನ್ಯವಾಗಿ ಸೊಪ್ಪು, ತರಕಾರಿ, ಅನ್ನ ಇರುತ್ತವೆ. ಮಾಂಸ ಇರುವುದು ಕೊನೆಯಲ್ಲಿ, ತಕ್ಕಡಿಯ ಹತ್ತಿರ. ಅಲ್ಲಿಗೆ ಮುಟ್ಟುವಷ್ಟರಲ್ಲಿ ತಟ್ಟೆ ತುಂಬಿರಲಿ ಎಂಬುದು ಮಾಲೀಕನ ಲೆಕ್ಕಾಚಾರ. ಸಾಮಾನ್ಯವಾಗಿ ಕಿಲೋಗೆ ಒಂದೇ ದರ: ಅನ್ನಕ್ಕೂ ಅಷ್ಟೇ, ‘ಪಿಕಾನ್ಯಾ’ ಎಂಬ ದುಬಾರಿ ಗೋಮಾಂಸದ ತುಂಡಿಗೂ ಅಷ್ಟೇ. ಕಲ್ಲಂಗಡಿ ಹೋಳು, ಬೇಯಿಸಿದ ಆಲೂಗಡ್ಡೆ, ನೀರಾದ ಸಾರು ತೂಗುವುದು ಹೆಚ್ಚು. ಸಣ್ಣಗೆ ಹೆಚ್ಚಿ ಬಾಡಿಸಿದ ‘ಕೊವೆ’ ಸೊಪ್ಪು, ಕಡ್ಡಿಯಂಥ ಆಲೂ ಚಿಪ್ಸ್, ಹುರಿದ ಮರಗೆಣಸಿನ ಹಿಟ್ಟಾದ ‘ಫರೋಫಾ’ ಹಗುರ.

ಈಗ ಮುಖ್ಯ ಮಾತು. ಚೀನೀ ತಿನಿಸನ್ನೂ ಬ್ರೆಜಿಲ್ ತಿನಿಸನ್ನೂ ಒಂದೇ ತಟ್ಟೆಗೆ ಹಾಕಿಕೊಳ್ಳಬೇಡಿ. ‘ಫ್ರಾಂಗೊ ಶಾದ್ರೇಸ್’ ಎಂದರೆ ದಪ್ಪ ಮೆಣಸಿನಕಾಯಿ, ಈರುಳ್ಳಿ, ಕಡಲೆಕಾಯಿ ಬೀಜ ಸೇರಿಸಿ ಸೋಯಾ ಸಾಸ್‌ನಲ್ಲಿ ಬಾಡಿಸಿದ ಕೋಳಿ. ಅದರ ಕಂದು ರಸ ಹರಿದು ಬೀನ್ಸ್ ಸಾರಿಗೆ ಸೇರಿತೆಂದರೆ ಎರಡೂ ಕೆಟ್ಟವು, ಉಪ್ಪು ಮಾತ್ರ ಉಳಿಯಿತು. ಎರಡು ಸಲ ಹೋಗಿ, ಎರಡು ಸಲ ತೂಗಿಸಿ. ತಟ್ಟೆಯ ತೂಕವನ್ನು ಪ್ರತಿ ಸಲವೂ ಕಳೆಯುವುದರಿಂದ ಕಾಸೂ ಹೆಚ್ಚಾಗದು. ಮೊದಲ ಸುತ್ತಿಗೆ ಕರಿದ ರೋಲ್ ಮತ್ತು ನೂಡಲ್ಸ್ ಇರಲಿ; ಇವು ಆರಿದರೆ ಮೆತ್ತಗಾಗುತ್ತವೆ. ಎರಡನೆಯದಕ್ಕೆ ಅನ್ನ, ಅದರ ಮೇಲೆ ಸಾರು, ಸಾರಿನ ಮೇಲೆ ಫರೋಫಾ. ಒಣ ಹಿಟ್ಟು ರಸ ಹೀರಿಕೊಂಡು ಅರೆಗರಿಯಾಗಿರುವಾಗಲೇ ಬಾಯಿಗೆ ಹೋಗಬೇಕು.

ಬುಧವಾರ, ಶನಿವಾರ ಈ ನಗರದಲ್ಲಿ ‘ಫೆಜ್ವಾಡಾ’ ದಿನ: ಕಪ್ಪು ಬೀನ್ಸ್ ಕಾಳಿನ ಜೊತೆ ಹಂದಿಮಾಂಸ ಹಾಕಿ ನಿಧಾನವಾಗಿ ಬೇಯಿಸಿದ್ದು. ಪಕ್ಕದಲ್ಲಿಟ್ಟ ಕಿತ್ತಳೆ ಹೋಳನ್ನು ಅಲಂಕಾರವೆಂದು ಬಿಡಬೇಡಿ. ಜಿಡ್ಡು ಮುರಿಯುವುದು ಅದೇ. ಖಾರ ಸಾಲದು ಎನ್ನುವ ನಮ್ಮವರು ‘ಪಿಮೆಂಟಾ’ ಕೇಳಿದರೆ ಮೆಣಸಿನಕಾಯಿ ಸಾಸ್‌ನ ಸೀಸೆ ಬರುತ್ತದೆ.

ಸಸ್ಯಾಹಾರಿಗಳು ಇಲ್ಲಿ ಕಣ್ಣು ತೆರೆದಿಟ್ಟುಕೊಳ್ಳಬೇಕು. ದಿನನಿತ್ಯದ ಬೀನ್ಸ್ ಸಾರು, ಸೊಪ್ಪು, ಫರೋಫಾ ಎಲ್ಲದರಲ್ಲೂ ಹಂದಿಯ ಬೇಕನ್ ತುಣುಕು ಇರಬಹುದು. ಬರೀ ‘ಮಾಂಸ ಇದೆಯೇ’ ಎಂದರೆ ಸಾಲದು, ಏಕೆಂದರೆ ಕೋಳಿಯನ್ನೂ ಹ್ಯಾಮ್‌ ಅನ್ನೂ ಮಾಂಸದ ಲೆಕ್ಕಕ್ಕೆ ಹಿಡಿಯದವರು ಅಲ್ಲಿ ಸಿಗುತ್ತಾರೆ. ಬೇಕನ್, ಕೋಳಿ, ಹ್ಯಾಮ್ ಎಂದು ಒಂದೊಂದನ್ನೂ ಹೆಸರು ಹಿಡಿದು ವಿಚಾರಿಸಿ. ಬಿಳಿ ಅನ್ನ, ಕರಿದ ಮರಗೆಣಸು, ತಾಳೆಯ ತಿರುಳಾದ ‘ಪಾಲ್ಮಿಟೊ’, ಹಸಿ ತರಕಾರಿ ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ.

ಸಕ್ಕರೆ ಪಾಕದ ಕರಿದ ಬಾಳೆಹಣ್ಣು ಕಂಡರೆ ಒಂದೆರಡು ಹೋಳು ಸಾಕು. ಪಾಕ ಭಾರ, ಸಿಹಿತಿಂಡಿಯೂ ಬಹಳ ಕಡೆ ತಕ್ಕಡಿ ಏರಿಯೇ ಬರುವುದು. ಕೊನೆಗೆ ಕೊಮಾಂಡಾ ತೋರಿಸಿ ಹಣ ಕಟ್ಟಿ. ಗಲ್ಲಾಪೆಟ್ಟಿಗೆಯ ಬಳಿ ಥರ್ಮಾಸ್ ಇದ್ದರೆ ಅದರ ಕಾಫಿ ಹೆಚ್ಚಿನ ಕಡೆ ಪುಕ್ಕಟೆ.