ಆರ್ಮ್ ಪ್ರೊಸೆಸರಿನ ಕಂಪ್ಯೂಟರಿಗೆ ಬದಲಾಗುವ ಮುನ್ನ ಮಾಡಬೇಕಾದ ಕೆಲಸಗಳು

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಸಹಕಾರ ಸಂಘ, ಅಡಿಕೆ ಮಂಡಿ, ಡಿಟಿಪಿ ಅಂಗಡಿಗಳಲ್ಲಿರುವ ಹಳೆಯ ಕಂಪ್ಯೂಟರುಗಳನ್ನು ಬದಲಿಸಬೇಕಾದ ಕಾಲ ಬಂದಿದೆ. ಕೊಳ್ಳಲು ಹೋದವರಿಗೆ ಇಂಟೆಲ್, ಎಎಂಡಿಗಳ ಜೊತೆಗೆ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಪ್ರೊಸೆಸರಿನ ಲ್ಯಾಪ್‌ಟಾಪುಗಳೂ ಕಾಣಸಿಗುತ್ತವೆ. ಇವು ಆರ್ಮ್ ವಿನ್ಯಾಸದವು. 1978ರ 8086 ಚಿಪ್ಪಿನಿಂದ ಬೆಳೆದುಬಂದ, ಇಂಟೆಲ್, ಎಎಂಡಿ ಪ್ರೊಸೆಸರುಗಳು ಬಳಸುವ ಎಕ್ಸ್86 ಆದೇಶಗಳನ್ನು ಇವು ನೇರವಾಗಿ ನಡೆಸಲಾರವು. ಬ್ಯಾಟರಿ ಹೆಚ್ಚು ಹೊತ್ತು ಬಾಳುವುದು ಇವುಗಳ ದೊಡ್ಡ ಗುಣ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಮಲೆನಾಡಿನಲ್ಲಿ ಅದನ್ನು ಹಗುರವಾಗಿ ಎಣಿಸುವಂತಿಲ್ಲ.

ಬದಲಾಯಿಸುವ ಮುನ್ನ ಒಂದು ನಿಯಮವನ್ನು ಮನದಟ್ಟು ಮಾಡಿಕೊಳ್ಳಬೇಕು. ಎಕ್ಸ್86ಗಾಗಿ ಬರೆದ ಸಾಮಾನ್ಯ ತಂತ್ರಾಂಶಗಳನ್ನು ವಿಂಡೋಸ್ 11 ಒಳಗೊಳಗೇ ಅನುವಾದಿಸಿ ನಡೆಸುತ್ತದೆ. 2024ರ 24ಎಚ್2 ಆವೃತ್ತಿಯಲ್ಲಿ ಬಂದ ಪ್ರಿಸಮ್ ಎಂಬ ವ್ಯವಸ್ಥೆಯಿಂದ ಈ ಕೆಲಸ ಇನ್ನಷ್ಟು ಚುರುಕಾಗಿದೆ. ಆದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳಿಗೆ ಈ ಅನುಕೂಲವಿಲ್ಲ. ಅವು ಆರ್ಮ್64ಗಾಗಿಯೇ, ಅಂದರೆ ಆರ್ಮ್‌ನ 64 ಬಿಟ್ ವಿನ್ಯಾಸಕ್ಕಾಗಿಯೇ, ಸಿದ್ಧವಾಗಿರಬೇಕು.

ಆದ್ದರಿಂದ ಮೊದಲು ಪ್ರತಿಯೊಬ್ಬರ ಮೇಜಿನ ಬಳಿ ಹೋಗಿ, ಕಂಪ್ಯೂಟರಿಗೆ ಜೋಡಿಸಿರುವ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಎಲ್ಲವನ್ನೂ ಮಾದರಿ ಸಂಖ್ಯೆಯೊಡನೆ ಬರೆದುಕೊಳ್ಳಿ. ‘ವಿಂಡೋಸ್ 11ಕ್ಕೆ ಹೊಂದುತ್ತದೆ’ ಎಂಬ ಉತ್ತರ ಸಾಲದು. ಆರ್ಮ್64 ಡ್ರೈವರ್ ಇದೆಯೇ ಎಂದು ತಯಾರಕರನ್ನೇ ಕೇಳಬೇಕು. ಇತ್ತೀಚಿನ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಬಹಳಷ್ಟು ವಿಂಡೋಸಿನಲ್ಲೇ ಇರುವ ಐಪಿಪಿ ಎಂಬ ಸಾಮಾನ್ಯ ಮುದ್ರಣ ಡ್ರೈವರಿನಿಂದ ನಡೆಯುತ್ತವೆ. ತನ್ನದೇ ಡ್ರೈವರ್ ಬೇಡುವ ಹಳೆಯ ಪ್ರಿಂಟರನ್ನು ಮಾತ್ರ ಹಳೆಯ ಕಂಪ್ಯೂಟರಿನಲ್ಲೇ ಬಿಟ್ಟು, ಪಿಡಿಎಫ್ ಮಾಡಿ ಕಳುಹಿಸುವುದು ಸರಳ.

ನಮ್ಮವರಿಗೆ ನಿಜವಾಗಿ ಕಾಡುವುದು ಕನ್ನಡದ ಕೆಲಸ. ಕೀಲಿಮಣೆಗೂ ಇತರ ತಂತ್ರಾಂಶಗಳಿಗೂ ನಡುವೆ ನಿಂತು ಅಕ್ಷರ ಮೂಡಿಸುವ ತಂತ್ರಾಂಶಗಳು ಆರ್ಮ್‌ಗಾಗಿ ಸಿದ್ಧವಾಗಿಲ್ಲದಿದ್ದರೆ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ನುಡಿ, ಬರಹ ಬಳಸುವವರು ಹಣ ಕೊಡುವ ಮುನ್ನವೇ ಅದೇ ಮಾದರಿಯ ಯಂತ್ರದಲ್ಲಿ ಅವುಗಳನ್ನು ಹಾಕಿಸಿ, ವರ್ಡ್‌ನಲ್ಲೂ ಬ್ರೌಸರಿನಲ್ಲೂ ಒಂದೊಂದು ಪುಟ ಟೈಪ್ ಮಾಡಿ ನೋಡಬೇಕು. ವಿಂಡೋಸಿನಲ್ಲೇ ಬರುವ ಕನ್ನಡ ಕೀಲಿಮಣೆಗಳಿಗೆ ಈ ತೊಡಕಿಲ್ಲ. ಆದರೆ ಅವುಗಳ ವಿನ್ಯಾಸ ಬೇರೆ. ವರ್ಷಗಳಿಂದ ನುಡಿಯ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಅಭ್ಯಾಸಕ್ಕೆ ಸಮಯ ಕೊಡದೆ ಹೊಸದನ್ನು ಹೇರುವುದು ನ್ಯಾಯವಲ್ಲ.

ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿರುವ ಕಡತಗಳ ವಿಷಯ ಬೇರೆ. ಫಾಂಟಿಗೆ ಪ್ರೊಸೆಸರಿನ ಹಂಗಿಲ್ಲ. ಫಾಂಟ್ ಹಾಕಿದರೆ ಕಡತ ಎಂದಿನಂತೆ ತೆರೆಯುತ್ತದೆ. ಆದರೂ ಸಂಘದ ನಡಾವಳಿ, ಸದಸ್ಯರ ಪಟ್ಟಿಯಂಥ ಮುಖ್ಯ ಬರಹಗಳನ್ನು ಹಳೆಯ ಕಂಪ್ಯೂಟರ್ ಚೆನ್ನಾಗಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಪ್ಪು ಕಂಡಾಗ ಮೂಲವನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಹೆಚ್ಚಾಗಿ ಕೆಡುತ್ತವೆ. ಹೆಸರುಗಳನ್ನಂತೂ ಕಣ್ಣಾರೆ ಓದಿಯೇ ತಿದ್ದಬೇಕು. ಡಾಸ್ ಕಾಲದ 16 ಬಿಟ್ ಲೆಕ್ಕದ ತಂತ್ರಾಂಶ ಇನ್ನೂ ಉಳಿದಿದ್ದರೆ ಅದು ಹೊಸ ಯಂತ್ರದಲ್ಲಿ ನೇರವಾಗಿ ನಡೆಯುವುದಿಲ್ಲ; ಅದರ ದಾಖಲೆಗಳನ್ನು ಮೊದಲೇ ಹೊರತೆಗೆದುಕೊಳ್ಳಿ.

ಮ್ಯಾಕ್ ಬಳಸುವವರ ದಾರಿ ಸುಗಮ. ಆಪಲ್ 2020ರ ನವೆಂಬರಿನಲ್ಲೇ ಎಂ1 ಎಂಬ ತನ್ನ ಆರ್ಮ್ ಪ್ರೊಸೆಸರ್ ತಂದು, ಇಂಟೆಲ್ ತಂತ್ರಾಂಶಗಳಿಗೆ ರೊಸೆಟ್ಟಾ 2 ಎಂಬ ಅನುವಾದ ವ್ಯವಸ್ಥೆ ಒದಗಿಸಿತು. ಅದು ಶಾಶ್ವತವಲ್ಲವಾದ್ದರಿಂದ, ಆಕ್ಟಿವಿಟಿ ಮಾನಿಟರಿನಲ್ಲಿ ‘ಇಂಟೆಲ್’ ಎಂದು ತೋರುವ ತಂತ್ರಾಂಶಗಳಿಗೆ ಈಗಲೇ ಬದಲಿ ಹುಡುಕಬೇಕು.

ಎಲ್ಲರನ್ನೂ ಒಟ್ಟಿಗೆ ಬದಲಾಯಿಸಬೇಡಿ. ಬ್ರೌಸರ್, ಇಮೇಲ್, ಪತ್ರ ಇಷ್ಟರಲ್ಲೇ ಕೆಲಸ ಮುಗಿಯುವವರಿಂದ ಆರಂಭಿಸಿ, ಲೆಕ್ಕ ಬರೆಯುವವರನ್ನು ಮಾರ್ಚ್ 31ರ ಲೆಕ್ಕ ಮುಗಿದು ಆಡಿಟ್ ಆದ ಮೇಲೆ ಬದಲಾಯಿಸಿ. ಹೊಸ ಯಂತ್ರ ಬಂದ ಮೇಲೆ ಟಾಸ್ಕ್ ಮ್ಯಾನೇಜರಿನ ವಿವರಗಳ ಪುಟದಲ್ಲಿ ಆರ್ಕಿಟೆಕ್ಚರ್ ಎಂಬ ಕಾಲಮ್ ಸೇರಿಸಿದರೆ ಯಾವುದು ಆರ್ಮ್64ನದು, ಯಾವುದು ಅನುವಾದದಲ್ಲಿ ನಡೆಯುತ್ತಿದೆ ಎಂದು ತಿಳಿಯುತ್ತದೆ. ನಿಧಾನವೆಂಬ ದೂರು ಬಂದಾಗ ಮೊದಲು ಅಲ್ಲಿ ನೋಡಿ. ಸಹಿಯ ಟೋಕನ್ನಿಗೋ ಬೆರಳಚ್ಚಿನ ಯಂತ್ರಕ್ಕೋ ಆರ್ಮ್64 ಡ್ರೈವರ್ ಸಿಗದಿದ್ದರೆ, ಬೆಂಬಲ ಮುಗಿದ ವಿಂಡೋಸ್ 10ರಲ್ಲಿ ಆ ಕೆಲಸ ಮುಂದುವರಿಸುವುದಕ್ಕಿಂತ, ಆ ಒಂದು ಮೇಜಿಗೆ ಇಂಟೆಲ್ ಅಥವಾ ಎಎಂಡಿಯ ಹೊಸ ಯಂತ್ರವನ್ನೇ ಕೊಳ್ಳಿ.