ಇಂಗ್ಲೆಂಡಿನಲ್ಲಿ ಹಳೇ ನೋವಿಗೆ ಹೊಸ ಡಾಕ್ಟರು

ಬೆಂಗಳೂರಿನಲ್ಲಿ ಸೊಂಟನೋವು ಅಂದರೆ ನೇರವಾಗಿ ಮೂಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ದುಡ್ಡಿದ್ದರೆ ಸಾಯಂಕಾಲದೊಳಗೆ ಎಂಆರ್‌ಐ ಕೂಡ ಮುಗಿದಿರುತ್ತದೆ. ಇಂಗ್ಲೆಂಡಿಗೆ ಬಂದ ಮೇಲೆ ಆ ದಾರಿ ಇಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಯಾವ ಸ್ಪೆಷಲಿಸ್ಟ್ ಬೇಕಿದ್ದರೂ ಸಾಮಾನ್ಯವಾಗಿ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರು. ವರ್ಷಗಟ್ಟಲೆ ನೋವು ಇಟ್ಟುಕೊಂಡು ಬಂದವರು ಹುಡುಕಬೇಕಾದದ್ದು ದೊಡ್ಡ ಹೆಸರಿನ ಸರ್ಜನ್‌ನನ್ನಲ್ಲ. ನಿಮ್ಮ ಕಥೆ ನೆನಪಿಟ್ಟುಕೊಳ್ಳುವ ಒಬ್ಬ ಜಿಪಿಯನ್ನು.

ಮನೆ ಸಿಕ್ಕಿದ ವಾರವೇ ಹತ್ತಿರದ ಸರ್ಜರಿಯಲ್ಲಿ ಹೆಸರು ಬರೆಸಿ. ಸರ್ಜರಿ ಅಂದರೆ ಇಲ್ಲಿ ಜಿಪಿ ಕ್ಲಿನಿಕ್, ಆಪರೇಷನ್ ಅಲ್ಲ, ಗಾಬರಿ ಬೇಡ. ಇದಕ್ಕೆ ದುಡ್ಡಿಲ್ಲ. ಪಾಸ್‌ಪೋರ್ಟ್, ವಿಳಾಸದ ಪುರಾವೆ ಇಲ್ಲದಿದ್ದರೂ ಹೆಸರು ಬರೆಸಬಹುದು. ರಿಸೆಪ್ಷನ್‌ನಲ್ಲಿ ‘ಕರೆಂಟ್ ಬಿಲ್ ತನ್ನಿ’ ಅಂದರೆ, ಎನ್‌ಎಚ್‌ಎಸ್ ನಿಯಮದಲ್ಲಿ ಅದು ಕಡ್ಡಾಯ ಅಲ್ಲ ಎಂದು ಮೆಲ್ಲಗೆ ಹೇಳಿ. ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ಅಥವಾ ನಿಮ್ಮ ಬೀದಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುವಂಥ ಕಾರಣಕ್ಕೆ ಬೇಡ ಎನ್ನಬಹುದು. ಆಗ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಹೆಸರು ಬರೆಸುವ ದಿನವೇ ರಿಸೆಪ್ಷನಿಸ್ಟ್‌ಗೆ ಎರಡು ಪ್ರಶ್ನೆ ಹಾಕಿ: ಮೂಳೆ, ಕೀಲು, ನೋವಿನ ವಿಷಯದಲ್ಲಿ ಆಸಕ್ತಿ ಇರುವ ಡಾಕ್ಟರು ನಿಮ್ಮಲ್ಲಿ ಯಾರು? ಅವರನ್ನೇ ಪ್ರತಿ ಸಲ ನೋಡಲು ಆಗುತ್ತದೆಯಾ? ದೊಡ್ಡ ಸರ್ಜರಿಗಳಲ್ಲಿ ಪ್ರತಿ ಸಲ ಬೇರೆ ಮುಖ. ಪ್ರತಿ ಸಲ ಮೊದಲಿನಿಂದ ಪುರಾಣ. ಒಂದು ವಾರ ಜಾಸ್ತಿ ಕಾದರೂ ಒಬ್ಬರನ್ನೇ ನೋಡುವುದು ಮೇಲು. ಅಪಾಯಿಂಟ್‌ಮೆಂಟ್‌ಗಾಗಿ ಬೆಳಿಗ್ಗೆ 8 ಗಂಟೆಗೆ ಫೋನ್ ಹಿಡಿದು ಕೂರುವ ಪಡಿಪಾಟಲೂ ಈಗ ಸ್ವಲ್ಪ ಕಡಿಮೆ: 2025ರ ಅಕ್ಟೋಬರ್‌ನಿಂದ ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ಸರ್ಜರಿಗಳು ಆನ್‌ಲೈನ್‌ನಲ್ಲೂ ಕೇಳಿಕೊಳ್ಳಲು ಬಿಡಬೇಕು ಎಂಬ ನಿಯಮ ಬಂದಿದೆ.

ಸಾಮಾನ್ಯವಾಗಿ ಸಿಗುವುದು ಹತ್ತು ನಿಮಿಷ. ಮೊದಲ ಸಲ ಡಬಲ್ ಅಪಾಯಿಂಟ್‌ಮೆಂಟ್ ಕೇಳಿ. ಊರಿಂದ ತಂದ ದಪ್ಪ ಫೈಲನ್ನು ಮೇಜಿನ ಮೇಲಿಟ್ಟರೆ ಯಾರೂ ಪುಟ ತಿರುಗಿಸುವುದಿಲ್ಲ. ಒಂದೇ ಹಾಳೆ ಸಾಕು. ನೋವು ಯಾವಾಗ ಶುರುವಾಯಿತು, ಏನೇನು ಸ್ಕ್ಯಾನ್ ಆಯಿತು, ಯಾವ ಮಾತ್ರೆ ಕೆಲಸ ಮಾಡಿತು, ಯಾವುದರಿಂದ ತಲೆ ಸುತ್ತಿತು. ಮಾತ್ರೆಯ ಬ್ರ್ಯಾಂಡ್ ಹೆಸರು ಬೇಡ, ಒಳಗಿರುವ ಔಷಧಿಯ ಹೆಸರು ಬರೆಯಿರಿ. ಡೋಲೋ ಅಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಪ್ಯಾರಾಸಿಟಮಾಲ್ ಅನ್ನಬೇಕು.

ಇನ್ನು ನಮ್ಮವರ ಅಭ್ಯಾಸ ಒಂದಿದೆ. ಒಳಗೆ ಜೀವ ಹೋಗುತ್ತಿದ್ದರೂ ಡಾಕ್ಟರು ‘ಹೇಗಿದ್ದೀರಾ’ ಅಂದ ಕೂಡಲೇ ‘ಪರವಾಗಿಲ್ಲ’ ಅಂದುಬಿಡುತ್ತೇವೆ. ಇಲ್ಲಿ ಪರವಾಗಿಲ್ಲ ಅಂದರೆ ಪರವಾಗಿಲ್ಲ ಅಂತಲೇ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ. ಹತ್ತಕ್ಕೆ ಎಂಟು ನೋವು ಅಂತ ಸುಮ್ನೆ ಅಂಕಿ ಹೇಳುವುದಕ್ಕಿಂತ, ಏನು ಮಾಡಲು ಆಗುತ್ತಿಲ್ಲ ಎಂದು ಹೇಳಿ. ತುಂಬಿದ ಕುಕ್ಕರ್ ಎತ್ತಲು ಆಗಲ್ಲ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೂತು ಕೆಲಸ ಮಾಡಲು ಆಗಲ್ಲ. ರಾತ್ರಿ ಮೂರು ಸಲ ಎಚ್ಚರವಾಗುತ್ತದೆ. ಕಾಲಿಗೆ ಜೋಮು ಹಿಡಿಯುತ್ತಿದ್ದರೆ ಅದನ್ನೂ ಹೇಳಿ. ಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ ಮಾತ್ರ ಜಿಪಿಗೆ ಕಾಯಬೇಡಿ, ತಕ್ಷಣ ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆಯ ವಿಷಯದಲ್ಲೇ ನಮ್ಮವರಿಗೆ ಹೆಚ್ಚು ಬೇಸರವಾಗುವುದು. ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಇಲ್ಲಿ 2019ರ ಏಪ್ರಿಲ್‌ನಿಂದ ನಿಯಂತ್ರಿತ ಔಷಧಿಗಳು. ಟ್ರಮಡಾಲ್ ಅದಕ್ಕೂ ಮೊದಲೇ, 2014ರಿಂದ. ಸಾಮಾನ್ಯವಾಗಿ ಒಮ್ಮೆಗೆ 30 ದಿನಕ್ಕಿಂತ ಜಾಸ್ತಿ ಬರೆಯುವುದಿಲ್ಲ, ಬರೆದ ಚೀಟಿಯೂ 28 ದಿನಕ್ಕೆ ಮಾತ್ರ. ಊರಿನಿಂದ ಇವನ್ನು ತರುವವರು ಡಾಕ್ಟರ ಪತ್ರ ಇಟ್ಟುಕೊಂಡೇ ವಿಮಾನ ಹತ್ತಿ. ಇಷ್ಟೇ ಅಲ್ಲ. ಕಾರಣ ಗೊತ್ತಾಗದ ದೀರ್ಘಕಾಲದ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಟ್ರಮಡಾಲ್ ಥರದ ಓಪಿಯಾಡ್ ಶುರು ಮಾಡಬೇಡಿ ಎಂದು ನೈಸ್ ಎಂಬ ಸರ್ಕಾರಿ ಸಂಸ್ಥೆಯ 2021ರ ಮಾರ್ಗಸೂಚಿ ಡಾಕ್ಟರಿಗೇ ಹೇಳುತ್ತದೆ. ವ್ಯಾಯಾಮ, ಕೌನ್ಸೆಲಿಂಗ್ ರೀತಿಯ ಚಿಕಿತ್ಸೆ, ಅಮಿಟ್ರಿಪ್ಟಿಲಿನ್ ಥರದ ಖಿನ್ನತೆಯ ಔಷಧಿ ಮೊದಲು ಬರುತ್ತವೆ. ಖಿನ್ನತೆಯ ಮಾತ್ರೆ ಕೊಟ್ಟರು, ನನ್ನ ನೋವು ಸುಳ್ಳು ಅಂದುಕೊಂಡರು ಎಂದು ಮುನಿಸಿಕೊಳ್ಳಬೇಡಿ. ನೋವಿಗೂ ಅದನ್ನು ಕೊಡುತ್ತಾರೆ. ಆದರೆ ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಯಾರಾದರೂ ಒಂದೇ ಸಲಕ್ಕೆ ನಿಲ್ಲಿಸಲು ಹೊರಟರೆ ಸುಮ್ಮನಿರಬೇಡಿ. ಹಂತ ಹಂತವಾಗಿ ಕಡಿಮೆ ಮಾಡುವ ಪ್ಲಾನ್ ಕೇಳಿ.

ಖರ್ಚು: ಡಾಕ್ಟರಿಗೆ ಫೀಸ್ ಇಲ್ಲ, ಔಷಧಿಗೆ ಇದೆ. 2024ರ ಮೇ ತಿಂಗಳಲ್ಲಿ ಒಂದು ಐಟಂಗೆ, ಅಂದರೆ ಚೀಟಿಯಲ್ಲಿನ ಒಂದು ಔಷಧಿಗೆ, 9.90 ಪೌಂಡ್ ಮಾಡಿದರು, ಒಮ್ಮೆ ಕಟ್ಟಿದರೆ ವರ್ಷಪೂರ್ತಿ ಎಷ್ಟು ಐಟಂ ಆದರೂ ಸಿಗುವ ಪ್ರೀಪೇಮೆಂಟ್ ಸರ್ಟಿಫಿಕೇಟ್‌ಗೆ 114.50. ತಿಂಗಳಿಗೆ ಎರಡು ಔಷಧಿ ಇದ್ದರೆ ಆ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೂ ಜಾಸ್ತಿ ಪೌಂಡ್ ಉಳಿಯುತ್ತದೆ, ಆದರೂ ತುಂಬಾ ಜನ ಮಾಡಿಸುವುದಿಲ್ಲ. ಅರವತ್ತು ತುಂಬಿದವರಿಗೆ ಔಷಧಿ ಪೂರ್ತಿ ಉಚಿತ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮ ಕೂಡ ಜಿಪಿಯನ್ನು ದುಡ್ಡಿಲ್ಲದೆ ನೋಡಬಹುದು. ಆಸ್ಪತ್ರೆಗೆ ಕಳಿಸಿದರೆ ಮಾತ್ರ ಬಿಲ್ ಜೋರಾಗಿ ಬರುತ್ತದೆ, ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಬಿಡಬೇಡಿ. ಅವರಿಗೆ ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರಿಟರ್ ಬೇಕು ಎಂದು ಮೊದಲೇ ಹೇಳಿ. ಅದಕ್ಕೂ ದುಡ್ಡಿಲ್ಲ.

ಪೇನ್ ಕ್ಲಿನಿಕ್‌ಗೆ ಕಳಿಸಿದರೆ ಸರದಿ ಉದ್ದ, 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬ ಗುರಿ ಹೆಸರಿಗಷ್ಟೇ ಇದೆ. ಕಾಯುವಾಗ ಫಿಸಿಯೋಥೆರಪಿಗೆ ಅರ್ಜಿ ಹಾಕಿ. ಅನೇಕ ಕಡೆ ಅದಕ್ಕೆ ಜಿಪಿ ಚೀಟಿಯೂ ಬೇಡ.

ಡಾಕ್ಟರು ಹೊಂದಲಿಲ್ಲವೇ? ಮೊದಲು ಅದೇ ಸರ್ಜರಿಯಲ್ಲಿ ಇನ್ನೊಬ್ಬರನ್ನು ಕೇಳಿ. ಸರ್ಜರಿಯೇ ಬದಲಿಸಬೇಕಾದರೆ ಯಾರಿಗೂ ಕಾರಣ ಹೇಳಬೇಕಿಲ್ಲ, ಹೊಸ ಕಡೆ ಹೆಸರು ಬರೆಸಿದರೆ ಸಾಕು, ದಾಖಲೆ ಹಿಂದೆಯೇ ಬರುತ್ತದೆ. ಅದಕ್ಕೆ ಸ್ವಲ್ಪ ದಿನ ಹಿಡಿಯಬಹುದು, ಆದ್ದರಿಂದ ಹಳೆಯ ಕಡೆಯಿಂದ ಒಂದು ತಿಂಗಳ ಮಾತ್ರೆ ಬರೆಸಿಕೊಂಡು ಆಮೇಲೆ ಬದಲಿಸಿ.